ಬೋರ್‌ವೆಲ್ಲಿನ ನೀರೂ ಇನ್ನಾಸಪ್ಪನವರ ಎಲೆಯೂ

ಜಗತ್ತಿನ ದೊಡ್ಡ ದೊಡ್ಡ ನಾಗರಿಕತೆಗಳು ನೀರಿನ ದಡದಲ್ಲಿ ಹುಟ್ಟಿ, ನೀರು ಕುಡಿದು ಬೆಳೆದು, ಕೊನೆಗೆ ಅದೇ ನೀರು ಮಣ್ಣಿಗೆ ಹತ್ತಿಸಿದ ಉಪ್ಪಿನಿಂದ ಹಾಳಾದವು ಎಂದು ಬಲ್ಲವರು ಹೇಳುತ್ತಾರೆ. ಈ ಘನವಾದ ಸತ್ಯದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ನಾಗರಿಕತೆಗಳ ಗತಿಯನ್ನು ಕುರಿತು ಯೋಚಿಸುವಷ್ಟು ಬಿಡುವು ನನಗೆ ಸಿಕ್ಕಿದ್ದು ಮೊನ್ನೆ ಬಚ್ಚಲುಮನೆಯಲ್ಲಿ, ಒಂದು ಹಿತ್ತಾಳೆ ತಂಬಿಗೆಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಾ ಕೂತಿದ್ದಾಗ. ಅದೂ ಹೆಂಡತಿ ಉಜ್ಜಿ ಎಂದು ಹೇಳಿದ್ದರಿಂದ.

ತಂಬಿಗೆ ನಮ್ಮ ತೋಟದ ಪಂಪ್‌ಮನೆಯಲ್ಲಿ ಎಷ್ಟೋ ವರ್ಷ ಇದ್ದದ್ದು. ಅದರೊಳಗೆ ಕಂಠದಿಂದ ತಳದವರೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಒಂದು ಪೊರೆ ಕಟ್ಟಿತ್ತು. ಅರ್ಧ ಗಂಟೆ ಉಜ್ಜಿದರೂ ಅರ್ಧವೇ ಬಿಟ್ಟಿತು. ಉಳಿದ ಅರ್ಧವನ್ನು ನೋಡುತ್ತಿದ್ದ ಹಾಗೆ ಇನ್ನಾಸಪ್ಪನವರ ನೆನಪಾಯಿತು. ನೆನಪಾದೊಡನೆ ಹೊಟ್ಟೆಯಲ್ಲಿ ಹಳೆಯ ಜಾಗದಲ್ಲೇ ಹಳೆಯ ಉರಿ. ನಮ್ಮ ಡಾಕ್ಟರು ಇದನ್ನು ಗ್ಯಾಸ್ಟ್ರಿಕ್ ಎನ್ನುತ್ತಾರೆ. ಅವರು ಇನ್ನಾಸಪ್ಪನವರ ಎಲೆತೋಟವನ್ನು ನೋಡಿಲ್ಲ.

ನೀವು ಮೈಸೂರಿನವರಾದರೆ ಎಲೆ ಎಂದೊಡನೆ ವೀಳ್ಯದೆಲೆ ಎಂದು ತಿಳಿಯುತ್ತೀರಿ. ಉಳಿದ ಎಲೆಗಳಿಗೆ ನಮ್ಮಲ್ಲಿ ಪೂರ್ತಿ ಹೆಸರು ಹೇಳಬೇಕು. ಹೆಸರುವಾಸಿಯಾದ ಎಲೆತೋಟಗಳೆಲ್ಲ ನಂಜನಗೂಡು ರಸ್ತೆಯ ಕಡೆಯವು. ನಮ್ಮದು ಊರಿನ ಇನ್ನೊಂದು ತುದಿ, ಕೆಸರೆಯ ಆಚೆ, ಹನ್ನೆರಡು ಗುಂಟೆ. ಯಾವ ಖ್ಯಾತಿಗೂ ಸೇರದ ಆ ಹನ್ನೆರಡು ಗುಂಟೆಗೆ ಒಂದೇ ಒಂದು ಹಿರಿಮೆ ಇತ್ತು. ನಮ್ಮ ಅಜ್ಜನ ಕಾಲದಿಂದ ಪ್ರತಿ ಸೋಮವಾರ ಬೆಳಗ್ಗೆ ನಮ್ಮ ಮನೆತನದ ಮಠಕ್ಕೆ ಪೂಜೆಯ ಎಲೆ ಹೋಗುತ್ತಿದ್ದುದು ಅಲ್ಲಿಂದ.

ಅಪ್ಪ ಎಲೆ ಕೊಯ್ಯುವಾಗ ಹೆಬ್ಬೆರಳಿಗೆ ತಗಡಿನ ಉಗುರು ತೊಡುತ್ತಿದ್ದರು. ನಮ್ಮ ಹೆಬ್ಬೆರಳುಗಳು ಬರಿಯ ಚರ್ಮದವಾದ್ದರಿಂದ ನಮಗೆ ಕೊಯ್ಯುವ ಅಧಿಕಾರವಿರಲಿಲ್ಲ, ಎಣಿಸಿ ಜೋಡಿಸುವುದಷ್ಟೇ. ಎಣಿಸಿದ ಎಲೆಗೆ ಒದ್ದೆ ಬಾಳೆಪಟ್ಟೆ ಸುತ್ತಿ ಕಟ್ಟು ಕಟ್ಟಿ, ನನ್ನನ್ನು ಸೈಕಲ್ಲಿನ ಮುಂದಿನ ಬಾರ್ ಮೇಲೆ ಕೂರಿಸಿ, ಕಟ್ಟನ್ನು ನನ್ನ ತೊಡೆಯ ಮೇಲೆ ಇಡುತ್ತಿದ್ದರು. ಮಠ ಮುಟ್ಟುವ ಹೊತ್ತಿಗೆ ಚಡ್ಡಿ ಪೂರ್ತಿ ಒದ್ದೆ. ಬಾಗಿಲಲ್ಲಿದ್ದವರು ಒಳಕ್ಕೆ ಕೂಗಿ ಹೇಳುತ್ತಿದ್ದರು: “ಎಲೆಯೋರು ಬಂದ್ರು.” ಆ ಒದ್ದೆ ಚಡ್ಡಿಯಲ್ಲಿ ನಾನು ಪಟ್ಟ ಹೆಮ್ಮೆಯನ್ನು ಮುಂದೆ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆದ ದಿನವೂ ಪಟ್ಟಿಲ್ಲ. ಕಚೇರಿಯಲ್ಲಿ ನಾನು ಗುರುಮಲ್ಲಪ್ಪ. ಅಂಥ ಗುರುಮಲ್ಲಪ್ಪಂದಿರು ನಮ್ಮ ಕಚೇರಿಯಲ್ಲೇ ಮೂವರಿದ್ದರು. ಮಠದಲ್ಲಿ ಎಲೆಯವರು ಅಂದರೆ ನಾವೊಬ್ಬರೇ.

ಎಲೆತೋಟಕ್ಕೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ. ಅದು ಗುಡಿಯ ಲೆಕ್ಕ. ನಮ್ಮ ಬೇಲಿಯ ಪಕ್ಕದ ತೋಟದ ಇನ್ನಾಸಪ್ಪನವರೂ ಚಪ್ಪಲಿಯನ್ನು ಹೊರಗೆ ಬಿಟ್ಟು, ಹಣೆ ಎದೆ ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಅವರು ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಭಾನುವಾರ ಚರ್ಚಿಗೆ ಹೋಗಿ ಬಂದು, ಇಸ್ತ್ರಿ ಮಾಡಿದ ಷರಟಿನಲ್ಲೇ ಬಳ್ಳಿ ಕಟ್ಟುತ್ತಿದ್ದರು. ಎಲೆ ಬೇಸಾಯವನ್ನು ಅವರಿಗೆ ಕಲಿಸಿದವರು ನಮ್ಮಪ್ಪ. ಇದನ್ನು ಅವರು ಎದುರು ಸಿಕ್ಕ ಎಲ್ಲರಿಗೂ ಹೇಳುತ್ತಿದ್ದರು. ನನಗೂ ಅದೇ ಅಪ್ಪ ಕಲಿಸಿದ್ದು ಎಂಬ ಅಂಶ ಕೇಳುವವರಿಗೆ ತಾನಾಗಿ ಹೊಳೆದು, ಅವರು ಎರಡು ತೋಟವನ್ನೂ ಒಮ್ಮೆ ನೋಡಿ ಸುಮ್ಮನಾಗುತ್ತಿದ್ದರು.

ಮೊದಲು ಹಾಗಿರಲಿಲ್ಲ. ಮೊದಲು ನಾನೇ ಒಂದು ಕೈ ಮೇಲಿದ್ದೆ. ಅದಕ್ಕೆ ಸಾಕ್ಷಿ ನನ್ನ ಬೋರ್‌ವೆಲ್.

ತೊಂಬತ್ತರ ದಶಕದ ಮೊದಮೊದಲು ತೋಟದಲ್ಲಿ ಬೋರ್‌ವೆಲ್ ಹಾಕಿಸುವುದು ಎಂದರೆ ಮನೆಗೆ ಫೋನು ಬಂದ ಹಾಗೆ. ಮಾತಾಡಲು ಯಾರೂ ಇಲ್ಲದಿದ್ದರೂ ಇರಬೇಕು. ಒಂದು ಬೇಸಿಗೆ ಅಪ್ಪ ತೋಡಿಸಿದ್ದ ಬಾವಿ ತಳ ಕಂಡಿತು. ಇನ್ನಾಸಪ್ಪನವರದೂ ಕಂಡಿತು. ಅವರು ಮಳೆಯ ನೀರು ಬಾವಿಗೆ ಇಳಿಯಲೆಂದು ತೋಟದ ಮೇಲುಗಡೆ ಒಂದು ಗುಂಡಿಯನ್ನು ಸನಿಕೆ ಹಿಡಿದು ತಾವೇ ತೋಡಿದರು. ನಾನು ಲಾರಿ ಕರೆಸಿದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಜಾಡು ಹಿಡಿಯುವವರೊಬ್ಬರು ಬಂದರು. ಕಾಯಿ ಎದ್ದು ನಿಂತಿತು. ಇನ್ನೂರೆಂಬತ್ತು ಅಡಿಗೆ ನೀರು ಚಿಮ್ಮಿತು. ಮಠದ ಸ್ವಾಮಿಗಳನ್ನು ಬಿನ್ನಹ ಮಾಡಿ ಕರೆತಂದೆವು. ಮೊದಲ ನೀರಿನಲ್ಲಿ ಪಾದಪೂಜೆಯಾಯಿತು. ಅದೇ ನೀರನ್ನು ನಾನು ಮೊದಲೇ ಹೇಳಿದ ತಂಬಿಗೆಯಲ್ಲಿ ತುಂಬಿ ಕೊಟ್ಟೆವು. ಸ್ವಾಮಿಗಳು ಒಂದು ಗುಟುಕು ಕುಡಿದರು. ಸ್ವಲ್ಪ ಹೊತ್ತು ಆಕಾಶ ನೋಡಿದರು. ಆಮೇಲೆ, “ನೀರು ಧಾರಾಳವಾಗಿದೆ,” ಎಂದರು.

ಅದನ್ನು ನಾನು ಆಶೀರ್ವಾದವೆಂದು ತಿಳಿದೆ. ನಾನು ಮಾತ್ರ ಆ ನೀರನ್ನು ಕುಡಿದು ನೋಡಿರಲಿಲ್ಲ. ಸ್ವಾಮಿಗಳ ಪಾದ ತೊಳೆದ ಮೇಲೆ, ಅವರು ಕುಡಿದ ಮೇಲೆ, ಇನ್ನು ಅದರ ರುಚಿ ನೋಡಲು ನಾನು ಯಾರು. ಅಲ್ಲದೆ ನಾನು ಬನ್ನಿಮಂಟಪದ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗುತ್ತಿದ್ದೆ.

ಬೋರ್‌ವೆಲ್ ಬಂದ ಮೇಲೆ ಬಾವಿ ಯಾಕೆ? ಕೊರೆದಾಗ ಬಂದ ಕಲ್ಲುಪುಡಿಯನ್ನೂ ಪಂಪ್‌ಮನೆ ಕಟ್ಟಿ ಮಿಕ್ಕ ಇಟ್ಟಿಗೆಚೂರನ್ನೂ ಅದಕ್ಕೇ ಸುರಿಸಿದೆ. ಬೇಲಿಯಾಚೆ ಇನ್ನಾಸಪ್ಪನವರು ನಿಂತು ನೋಡುತ್ತಿದ್ದರು.

“ಯಾಕ್ ಮುಚ್ತೀರಿ ಗುರುಮಲ್ಲಪ್ನೋರೆ. ಒಂದ್ ಮೂಲೇಲಿ ಅದ್ರ ಪಾಡಿಗೆ ಅದು ಇರ್ಲಿ ಬುಡಿ.”

“ಇನ್ಮೇಲೆ ಅದ್ಯಾಕೆ ಇನ್ನಾಸಪ್ನೋರೆ. ನಿಮ್ಗೂ ಒಂದು ಪೈಪ್ ಕೊಡ್ತೀನಿ, ಬಿಟ್ಕೊಳಿ ನೀರು. ಧಾರಾಳವಾಗಿದೆ.”

ಅವರು ನೀರು ಬೀಳುತ್ತಿದ್ದ ಜಾಗಕ್ಕೆ ಬಂದು, ಬೆರಳು ಅದ್ದಿ, ನಾಲಗೆಗೆ ತಾಗಿಸಿಕೊಂಡರು. “ಬ್ಯಾಡಿ,” ಎಂದರು. “ನಂಗೆ ನನ್ ಬಾವೀದೇ ಸಾಕು.”

ನಾನು ಮನೆಗೆ ಬಂದು ಹೆಂಡತಿ ಗಿರಿಜೆಗೆ ಹೇಳಿದೆ: “ಪಾಪ, ಇನ್ನಾಸಪ್ಪನೋರ್ಗೆ ಹೊಟ್ಟೆಕಿಚ್ಚು.” ಹೇಳುವಾಗ ಬಹಳ ಕನಿಕರವಾಯಿತು. ಬೇರೆಯವರ ಹೊಟ್ಟೆಕಿಚ್ಚನ್ನು ಕ್ಷಮಿಸುವಾಗ ಸಿಗುವ ಸುಖ ಜೀವನದಲ್ಲಿ ಅಪರೂಪ. ನನಗೆ ಒಂದು ವರ್ಷದ ಮಟ್ಟಿಗೆ ಅದು ಸಿಕ್ಕಿತು.

ಆ ವರ್ಷ ನಲ್ಲಿಯಲ್ಲಿ ನೀರು ನಿಂತ ಒಂದು ದಿನ ನಾನು ಹೆಮ್ಮೆಯಿಂದ ಎರಡು ಕ್ಯಾನು ಬೋರ್‌ವೆಲ್ ನೀರನ್ನು ಸ್ಕೂಟರಿನಲ್ಲಿ ಮನೆಗೆ ತಂದೆ. ಅಂದು ಮಧ್ಯಾಹ್ನ ಮೂರು ಗಂಟೆಯಾದರೂ ಊಟವಿಲ್ಲ.

“ಈ ನೀರಲ್ಲಿ ಬೇಳೆ ಬೇಯಲ್ಲ ಕಣ್ರೀ,” ಎಂದಳು ಗಿರಿಜೆ.

“ಬೇಳೆ ಹಳೇದಿರ್ಬೇಕು.”

“ಸೋಪೂ ನೊರೆ ಬರ್ಲಿಲ್ಲ.”

“ಸೋಪೂ ಹಳೇದಿರ್ಬೇಕು.”

“ನೀರೊಂದು ಹೊಸದು, ಮಿಕ್ಕಿದ್ದೆಲ್ಲ ಹಳೇದು ಅನ್ನಿ,” ಎಂದು ಅವಳು ಒಲೆ ಆರಿಸಿ, ಬೇಳೆಯ ಪಾತ್ರೆಯನ್ನು ಹಾಗೇ ನನ್ನ ಮುಂದೆ ತಂದಿಟ್ಟಳು. ನಾನು ತಿಂದೆ. ಕಲ್ಲು ಕಡಿದ ಹಾಗಿತ್ತು. ಆದರೂ ಬಳ್ಳಿಯೂ ಇದನ್ನೇ ಕಡಿಯುತ್ತಿರಬಹುದು ಎಂದು ನನಗೆ ಹೊಳೆಯಲಿಲ್ಲ. ಕಚೇರಿಯಲ್ಲಿ ಎರಡು ಬೇರೆ ಬೇರೆ ಫೈಲುಗಳನ್ನು ಎಂದೂ ಒಂದು ಮಾಡದೆ ಇಟ್ಟುಕೊಂಡು ಬಂದ ಅಭ್ಯಾಸ.

ಎರಡನೆಯ ವರ್ಷ ಎಲೆಯ ಅಂಚು ಸುಟ್ಟ ಹಾಗೆ ಕಂದಾಯಿತು. ಬಾಯಾರಿಕೆ ಇರಬೇಕೆಂದು ಇನ್ನಷ್ಟು ನೀರು ಬಿಟ್ಟೆ. ಮೂರನೆಯ ವರ್ಷ ನೆಲದ ಮೇಲೆ ಬೆಳ್ಳಗೆ ಹಿಟ್ಟು ಚೆಲ್ಲಿದಂತೆ ಕಾಣತೊಡಗಿತು. ಹಸಿವು ಇರಬೇಕೆಂದು ಹಿಂಡಿ ಹಾಕಿಸಿದೆ. ಬಿಟ್ಟ ನೀರು ಇಂಗುವುದನ್ನು ಬಿಟ್ಟು, ತಟ್ಟೆಯಲ್ಲಿ ನಿಂತ ಹಾಗೆ ಸಾಯಂಕಾಲದವರೆಗೂ ನಿಂತು ಆಕಾಶ ತೋರಿಸುತ್ತಿತ್ತು. ಒಣಗಿದರೆ ನೆಲ ಗಾರೆ ಹಾಕಿದಂತೆ ಗಟ್ಟಿ. ಬರಿಗಾಲಿನಲ್ಲಿ ಓಡಾಡುವ ತೋಟವಾದ್ದರಿಂದ ಮುಚ್ಚಿಡುವ ಹಾಗೂ ಇರಲಿಲ್ಲ. ನಮ್ಮ ತೋಟದಲ್ಲಿ ಹಿಮ್ಮಡಿ ನೋಯುತ್ತಿತ್ತು. ಇನ್ನಾಸಪ್ಪನವರ ತೋಟದಲ್ಲಿ ಕಾಲಿಟ್ಟರೆ ಹಾಸಿಗೆಯ ಮೇಲೆ ಇಟ್ಟ ಹಾಗೆ ಒಂದು ಬೆರಳು ಒಳಗೆ ಹೋಗುತ್ತಿತ್ತು. ನಮ್ಮ ಎರೆಹುಳುಗಳೆಲ್ಲ ಬೇಲಿ ದಾಟಿ ಆ ಕಡೆ ಹೋಗಿವೆ ಎಂದು ನಾನು ಬಲವಾಗಿ ನಂಬಿದ್ದೆ. ಅಪ್ಪ ಸಾಕಿದ ಹುಳುಗಳು. ಸ್ವಲ್ಪವಾದರೂ ನಿಯತ್ತು ಬೇಡವೆ.

ಈಗ ಆ ಕನಿಕರದ ಸುಖ ಬೇಲಿಯಾಚೆ ಹೋಗಿ, ಉರಿ ಮಾತ್ರ ಈಚೆ ಉಳಿಯಿತು. ಇನ್ನಾಸಪ್ಪನವರ ಎಲೆ ನೋಡಿ ಉರಿಯಿತು, ಸರಿ. ಅವರ ಹಳೆಯ ಪಂಪಿನ ಡುಗುಡುಗು ಕೇಳಿಯೂ ಉರಿಯಿತು. ಅವರು ಬಳ್ಳಿಗೆ ಆಸರೆಯಾಗಿ ಬೆಳೆಸಿದ್ದ ಅಗಸೆ ಮರದ ಹೂವನ್ನು ಗಿರಿಜೆ ಪಲ್ಯ ಮಾಡಿದರೆ ನಾನು ಎರಡು ಸಲ ಬಡಿಸಿಕೊಂಡು ತಿಂದು ಉರಿಸಿಕೊಂಡೆ. ಮನೆಯಿಂದ ಚಾಮುಂಡಿ ಬೆಟ್ಟ ಕಾಣುತ್ತದೆ; ದಿನಾ ಬೆಳಗ್ಗೆ ಅತ್ತ ಕೈ ಮುಗಿದು, ನನ್ನ ತೋಟ ಚೆನ್ನಾಗಿರಲಿ ಎಂದು ಕೇಳಿಕೊಳ್ಳುತ್ತಿದ್ದವನು, ಒಂದು ದಿನ ಅವರ ತೋಟವೂ ಸ್ವಲ್ಪ ಹೀಗೇ ಆಗಲಿ ಎಂದು ಕೇಳಿಕೊಂಡೆ. ತಾಯಿ ಎರಡನ್ನೂ ನಡೆಸಿಕೊಡಲಿಲ್ಲ.

ಒಂದು ಸೋಮವಾರ ಮಠದ ಪಾರುಪತ್ಯ ನೋಡುವ ಹಿರಿಯರು ಕಟ್ಟು ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು, “ಇದನ್ನ ದೇವರ ಮುಂದೆ ಇಡಕ್ಕಾಗಲ್ಲ ಗುರುಮಲ್ಲಪ್ನೋರೆ,” ಎಂದರು. “ಅಂಚು ಸುಟ್ಟಿದೆ. ಬಂದೋರ್ ತಾಂಬೂಲಕ್ಕೆ ಇಟ್ಕೋತೀವಿ. ಹಿಂಗೇ ಆದ್ರೆ ಮಾರ್ಕೆಟ್ಟಿಂದ ತರಿಸ್ಬೇಕಾಗ್ತದೆ.”

ಮೂರು ತಲೆಮಾರಿನ ಸೋಮವಾರ ಮಾರ್ಕೆಟ್ಟಿನ ಪಾಲಾಗುತ್ತದೆ ಎಂಬ ಆ ಮಾತನ್ನು ನಾನು ಮನೆಯಲ್ಲಿ ಹೇಳಿದೆ.

ಮುಂದಿನ ಸೋಮವಾರ ಅವಳೇ ಕಟ್ಟು ಕಟ್ಟಿ ಸ್ಕೂಟರಿನ ಮುಂದೆ ಇಟ್ಟಳು. ಮಠದಲ್ಲಿ ಅಂದು ಪೂಜೆಯಾದ ಮೇಲೆ ಸ್ವಾಮಿಗಳು ನನ್ನನ್ನು ಕರೆಸಿದರು. ಕೈಯಲ್ಲಿ ಒಂದು ಎಲೆ ಹಿಡಿದಿದ್ದರು. “ಏನು ಹದವಾಗಿದೆಯಪ್ಪ ಎಲೆ. ನಿಮ್ಮ ತಂದೆಯವರ ಕಾಲ ನೆನಪಾಯ್ತು,” ಎಂದರು. ನಾನು ಕೈಕಟ್ಟಿ, ತಲೆ ತಗ್ಗಿಸಿ, “ಎಲ್ಲ ಬುದ್ಧಿಯೋರ ಆಶೀರ್ವಾದ,” ಎಂದೆ. ಬಗ್ಗಿದ ತಲೆಯೊಳಗೆ ಹಿಂಡಿಯ ಪ್ರಮಾಣ ಹೆಚ್ಚಿಸಿದ ನನ್ನ ಜಾಣತನವನ್ನೇ ನೆನೆದುಕೊಂಡೆ. ಮನೆಗೆ ಬಂದು ಷರಟು ಬಿಚ್ಚುವ ಮೊದಲೇ ಇಡೀ ಪ್ರಸಂಗವನ್ನು ಅಭಿನಯ ಸಹಿತ ವರ್ಣಿಸಿದೆ.

ಗಿರಿಜೆ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಅದು ಇನ್ನಾಸಣ್ಣನ ತೋಟದ್ದು ಕಣ್ರೀ.”

“ಯಾವುದು?”

“ಎಲೆ. ನಾನೇ ಇಸ್ಕೊಂಡ್ ಬಂದೆ. ಮಠಕ್ಕೆ ಅಂದಿದ್ಕೆ ಚಿಗುರೆಲೆಯಾಗಿ ಆರಿಸ್ಕೊಟ್ರು. ದುಡ್ಡು ಅಂದ್ರೆ ಬೈದ್ರು.”

ಮನುಷ್ಯ ಪರರ ಹೊಗಳಿಕೆಗೆ ಉರಿದುಕೊಳ್ಳುವುದುಂಟು. ನನ್ನ ಎದುರಿಗೆ, ನನ್ನ ಹೆಸರಿಗೆ, ನನ್ನ ಕಿವಿಗೇ ಹೇಳಿದ ಹೊಗಳಿಕೆಗೆ ನಾನು ಉರಿದುಕೊಂಡ ದಿನ ಅದು. ಬುದ್ಧಿಯವರು ಮೆಚ್ಚಿದ್ದು ಇನ್ನಾಸಪ್ಪನವರನ್ನು. ಕೈಕಟ್ಟಿ ತಲೆ ತಗ್ಗಿಸಿದವನು ನಾನು.

ಆಗ ನನ್ನಲ್ಲಿ ಒಂದು ವೈಜ್ಞಾನಿಕ ಮನೋಭಾವ ಹುಟ್ಟಿತು. ಇನ್ನಾಸಪ್ಪನವರು ಮಣ್ಣಿಗೆ ಗುಟ್ಟಾಗಿ ಏನೋ ಹಾಕುತ್ತಿದ್ದಾರೆ, ಅದನ್ನು ಕಂಡುಹಿಡಿಯಬೇಕು. ಭಾನುವಾರ ಬೆಳಗ್ಗೆ, ಅವರು ಪೂಜೆಗೆ ಚರ್ಚಿಗೆ ಹೋಗಿರುವ ಹೊತ್ತು ನೋಡಿಕೊಂಡು, ನಾಲ್ಕು ಡಬ್ಬಿಯ ಟಿಫನ್ ಕ್ಯಾರಿಯರ್ ಹಿಡಿದು ಬೇಲಿ ನುಸುಳಿದೆ. ಕದಿಯಲು ಹೋಗುವಾಗಲೂ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದೆ ಎಂಬುದನ್ನು ನನ್ನ ಪರವಾಗಿ ದಾಖಲಿಸಬೇಕು. ಬಳ್ಳಿಯ ಬುಡದಿಂದ ಎರಡು ಡಬ್ಬಿ ಮಣ್ಣು ತುಂಬಿದೆ. ಕೈ ಹಾಕಿದರೆ ಬೆಲ್ಲದಪುಡಿಯ ಹಾಗೆ ಉದುರಿತು. ತಣ್ಣಗೆ, ಮಳೆ ಬಿದ್ದ ಮೊದಲ ದಿನದ ವಾಸನೆ. ಮಿಕ್ಕೆರಡು ಡಬ್ಬಿಗೆ ನನ್ನದನ್ನು ಕೊಡಲಿಯಲ್ಲಿ ಕಡಿದು ಹಾಕಿದೆ.

ಮಣ್ಣು ಪರೀಕ್ಷೆ ಮಾಡುವ ಕಚೇರಿಯಲ್ಲಿ ಒಬ್ಬ ಹೆಣ್ಣುಮಗಳಿದ್ದರು. ನನ್ನ ಮಗಳ ವಯಸ್ಸು. ಟಿಫನ್ ಕ್ಯಾರಿಯರ್ ಕಂಡು, “ಊಟ ಆಮೇಲ್ ಮಾಡಿ ಸರ್, ಮೊದ್ಲು ಮಣ್ಣು ಕೊಡಿ,” ಎಂದರು. ನಾನು ಡಬ್ಬಿ ಬಿಚ್ಚಿದೆ. ವಾರ ಬಿಟ್ಟು ಹೋದಾಗ ಎರಡು ಗಾಜಿನ ಲೋಟಗಳಲ್ಲಿ ಎರಡೂ ಮಣ್ಣನ್ನು ನೀರಿಗೆ ಹಾಕಿ ತೋರಿಸಿದರು. ಒಂದರಲ್ಲಿ ಮಣ್ಣು ತಳಕ್ಕೆ ಕೂತು ಮೇಲೆ ನೀರು ತಿಳಿಯಾಗಿತ್ತು. ಇನ್ನೊಂದು ಕದಡಿದ ಚಹಾದ ಹಾಗೆ ಹಾಗೇ ಇತ್ತು.

“ಈ ತಿಳಿಯಾಗಿರೋದ್ರಲ್ಲಿ ಅವರು ಏನು ಹಾಕ್ತಾರಮ್ಮ?”

“ಏನೂ ವಿಶೇಷ ಇಲ್ಲ ಸರ್. ಕೊಟ್ಟಿಗೆ ಗೊಬ್ಬರ, ಸೊಪ್ಪು. ಎರಡೂ ಒಂದೇ ಜಾತಿ ಮಣ್ಣು. ಇದಕ್ಕೆ ನೀವೇನ್ ಹಾಕ್ತೀರಿ ಅಂತ ನಾನ್ ಕೇಳ್ಬೇಕು.”

“ಹಿಂಡಿ.”

“ನೀರು?”

“ನೀರು ಧಾರಾಳವಾಗಿದೆ.”

“ಧಾರಾಳ ಕೇಳ್ಲಿಲ್ಲ ಸರ್. ಹೆಂಗಿದೆ? ಕುಡಿದು ನೋಡಿದೀರಾ?”

ಇಲ್ಲ ಎಂದೆ. ಅವರು ಬಹಳ ಸಮಾಧಾನದಿಂದ ವಿವರಿಸಿದರು. ಅಷ್ಟು ಆಳದ ಬಂಡೆಯ ನೀರಿನಲ್ಲಿ ಉಪ್ಪೂ ಸೋಡವೂ ಇರಬಹುದು. ಸೋಡ ಸೇರಿದ ಮಣ್ಣಿನ ಕಣಗಳು ಒಂದನ್ನೊಂದು ಬಿಟ್ಟು ನುಣ್ಣನೆಯ ಕೆಸರಾಗಿ, ಮಣ್ಣು ಉಸಿರಾಡುವ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಮೇಲಿನ ನೀರು ಕೆಳಗೆ ಹೋಗುವುದಿಲ್ಲ, ಬೇರಿಗೆ ಗಾಳಿಯಿಲ್ಲ. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ಮತ್ತೆ ನೀರು ಬಿಟ್ಟರೆ ಮತ್ತಷ್ಟು ಉಪ್ಪು. “ನೀವ್ ಪ್ರೀತಿಯಿಂದ ಜಾಸ್ತಿ ನೀರ್ ಬಿಟ್ಟಷ್ಟೂ ಅದಕ್ಕೆ ಕಷ್ಟ ಸರ್,” ಎಂದರು. ಮಾರನೆಯ ದಿನ ಸೀಸೆಯಲ್ಲಿ ತಂದುಕೊಟ್ಟ ನೀರೂ ಅವರ ಮಾತಿಗೇ ಸಾಕ್ಷಿ ಹೇಳಿತು. ಪರಿಹಾರವನ್ನು ಚೀಟಿಯಲ್ಲಿ ಬರೆದುಕೊಟ್ಟರು: ಮಣ್ಣಿಗೆ ಜಿಪ್ಸಂ ಕೊಡುವುದು, ಸೆಣಬು ಬಿತ್ತಿ ಹೂ ಬರುವ ಹೊತ್ತಿಗೆ ಮಣ್ಣಿಗೆ ತುಳಿಸುವುದು, ಆಮೇಲೆ ಒಳ್ಳೆಯ ನೀರು ಕಟ್ಟಿ ಉಪ್ಪನ್ನು ಕೆಳಕ್ಕೆ ತೊಳೆಯುವುದು.

“ಒಳ್ಳೆ ನೀರು ಹತ್ತಿರದಲ್ಲಿ ಎಲ್ಲಾದ್ರೂ ಇದೆಯಾ ಸರ್?”

ಇದೆ ಎಂದೆ. ಎಲ್ಲಿ ಎಂದು ಹೇಳಲಿಲ್ಲ. ಒಂದು ಇಟ್ಟಿಗೆಚೂರಿನ ಕೆಳಗಿದೆ. ಇನ್ನೊಂದು ಬೇಲಿಯಾಚೆ ಇದೆ.

ಮೊದಲು ಮಠಕ್ಕೆ ಹೋದೆ. ಅಂದಿನ ಎಲೆ ನನ್ನದಲ್ಲ, ಪಕ್ಕದ ತೋಟದ ಇನ್ನಾಸಪ್ಪನವರದು ಎಂದು ಒಪ್ಪಿಕೊಂಡೆ. ಬೋರ್‌ವೆಲ್ಲಿನ ನೀರನ್ನು ಸಂದೇಹಿಸುವುದು ಪಾದಪೂಜೆಯನ್ನೇ ಸಂದೇಹಿಸಿದ ಹಾಗೆ ಎಂದು ಇಷ್ಟು ವರ್ಷ ಸುಮ್ಮನಿದ್ದೆ ಎಂದೂ ಹೇಳಿದೆ. ಸ್ವಾಮಿಗಳು ಸ್ವಲ್ಪ ಹೊತ್ತು ನಕ್ಕರು.

“ಅವತ್ತೇ ಉಪ್ಪಾಗಿತ್ತಲ್ಲಪ್ಪ. ಕಷ್ಟಪಟ್ಟು ನುಂಗಿದ್ವಿ.”

“ಬುದ್ಧಿ, ಒಂದು ಮಾತು ಅಪ್ಪಣೆ ಕೊಡಿಸಿದ್ರೆ...”

“ನೀವು ಅಷ್ಟು ಸಂಭ್ರಮದಲ್ಲಿದ್ರಿ. ಚೆನ್ನಾಗಿದೆ ಅಂತ ನಾವು ಅನ್ಲಿಲ್ಲ. ಧಾರಾಳವಾಗಿದೆ ಅಂದ್ವಿ.” ಆಮೇಲೆ ಪಾರುಪತ್ಯದವರ ಕಡೆ ತಿರುಗಿದರು. “ಆ ಇನ್ನಾಸಪ್ನೋರಿಗೆ ಹೇಳಿಕಳಿಸಿ. ಸೋಮವಾರದ್ದು ಅವರೇ ತಂದ್ಕೊಡ್ಲಿ. ಇವರ ತೋಟ ಸುಧಾರಿಸೋವರ್ಗೂ.”

ಹೀಗೆ ನಾನು ಸತ್ಯ ಹೇಳಿದ ದಿನ ಸೋಮವಾರ ಕೈ ಬಿಟ್ಟಿತು. ಮುಂದಿನ ವಾರ ಬೇಕೆಂದೇ ಮಠದ ಎದುರಿನ ಅಂಗಡಿಯಲ್ಲಿ ನಿಂತಿದ್ದೆ. ಇನ್ನಾಸಪ್ಪನವರು ಇಸ್ತ್ರಿಯ ಷರಟಿನಲ್ಲಿ ಸೈಕಲ್ ಇಳಿದು, ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲಿಗೆ ಹೋದರು. ಒಳಕ್ಕೆ ಯಾರೋ ಕೂಗಿದರು: “ಎಲೆಯೋರು ಬಂದ್ರು.” ನಾನು ಒಂದು ಕಾಫಿ ಹೇಳಿದ್ದೆ, ಕುಡಿಯದೆ ಬಂದೆ.

ನೀರು ಕೇಳುವುದಕ್ಕೆ ಹದಿನೈದು ದಿನ ತೆಗೆದುಕೊಂಡೆ. ದಿನಾ ಬೇಲಿಯವರೆಗೆ ಹೋಗಿ, ಹವಾಮಾನದ ವಿಷಯ ಮಾತಾಡಿ ಬರುತ್ತಿದ್ದೆ. ಕೊನೆಗೆ ಇನ್ನಾಸಪ್ಪನವರೇ ಬಳ್ಳಿ ಕಟ್ಟುತ್ತಾ, ಈ ಕಡೆ ನೋಡದೆ ಕೇಳಿದರು.

“ಅಲ್ಲಾ ಗುರುಮಲ್ಲಪ್ನೋರೆ, ನನ್ ಮಣ್ಣಿಗೆ ಏನಂದ್ರು?”

“ಯಾವ ಮಣ್ಣು?”

“ಕ್ಯಾರಿಯರ್‌ನಲ್ಲಿ ತಗೊಂಡೋದ್ರಲ್ಲ. ಆ ಭಾನ್ವಾರ ಜ್ವರ, ಚರ್ಚಿಗೆ ಹೋಗಿರ್ಲಿಲ್ಲ. ಪಂಪ್ ಹತ್ರ ಮಲಗಿದ್ದೆ.”

ನಾನು ನೆಲ ನೋಡಿದೆ. ನೆಲ ಬೆಳ್ಳಗಿತ್ತು.

“ಚೆನ್ನಾಗಿದೆಯಂತೆ,” ಎಂದೆ.

“ನಂಗೂ ಬೇಕಾಗಿತ್ತು, ಒಂದ್ ಸಲ ತೋರಿಸ್ಬೇಕು ಅಂತ. ಪುಕ್ಕಟೆ ಆಯ್ತಲ್ಲ ಬುಡಿ.” ಗಂಟು ಬಿಗಿದು, ಕೈ ಒರೆಸಿಕೊಂಡರು. “ನೀರ್‌ಗೇ ತಾನೆ ಇಷ್ಟ್ ದಿನದಿಂದ ಒದ್ದಾಡ್ತಿರೋದು? ಗಿರಿಜವ್ವ ಆಗ್ಲೇ ಹೇಳಿದ್ಲು. ಪೈಪು ತಂದಿಟ್ಟಿದೀನಿ. ಹೊತ್ತು ಹುಟ್ಟೋಕ್ ಮುಂಚೆ ಎರಡು ಗಂಟೆ ಬಿಟ್ಕೊಳಿ, ಬಾವಿ ಮತ್ತೆ ಊರ್ತದೆ. ಈ ನೆಲದ್ದೇ ನೀರಲ್ವ, ನನ್ ಬಾವೀನೂ ನಿಮ್ಮಪ್ಪಾಜೀನೇ ಜಾಗ ತೋರಿಸಿ ತೋಡ್ಸಿದ್ದು.”

ಅವರು ಸ್ವಲ್ಪ ಬೈದಿದ್ದರೆ, ಸ್ವಲ್ಪ ಹಂಗಿಸಿದ್ದರೆ, ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಆ ಮನುಷ್ಯ ಒಳ್ಳೆಯ ಎಲೆಯನ್ನಷ್ಟೇ ಬೆಳೆದಿದ್ದರೆ ಸಹಿಸಬಹುದಿತ್ತು.

ಜಿಪ್ಸಂ ಹಾಕಿಸಿದೆ. ಹಳೆಯ ಬಳ್ಳಿಗಳನ್ನು ಕಿತ್ತು ಸೆಣಬು ಬಿತ್ತಿದೆ. ಹಳದಿ ಹೂ ಬಂದಾಗ, ದಾರಿಯಲ್ಲಿ ಹೋಗುವವರು ಇದೇನು ಚೆಂದ ಎನ್ನುವ ಹೊತ್ತಿಗೆ, ಅದನ್ನು ಮಣ್ಣಿಗೆ ತುಳಿಸಿದೆ. ನನ್ನ ತೋಟವನ್ನು ಯಾರಾದರೂ ಹೊಗಳಿದ್ದು ಆ ಒಂದು ವಾರ. ಇನ್ನಾಸಪ್ಪನವರ ನೀರು ಕಟ್ಟಿದೆ. ಎರಡು ಮಳೆಗಾಲ ಬಂದು ಹೋದವು. ಎರಡನೆಯ ಮಳೆಗಾಲದ ಕೊನೆಗೆ ಸನಿಕೆ ಹಾಕಿದಾಗ ಒಂದು ಎರೆಹುಳು ಸಿಕ್ಕಿತು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಬೇಲಿಯವರೆಗೂ ಹೋಗಿ ತೋರಿಸಿದೆ. ಇನ್ನಾಸಪ್ಪನವರು ಕಣ್ಣು ಕಿರಿದು ಮಾಡಿ ನೋಡಿ, “ನಮ್ದೇ ಇರ್ಬೇಕು,” ಎಂದರು.

ಹೊಸ ಬಳ್ಳಿ ಹಬ್ಬಿ ಅಂಚು ಸುಡದ ಎಲೆ ಬರಲು ಮತ್ತೂ ಎರಡು ವರ್ಷ ಹಿಡಿಯಿತು. ಆ ಹೊತ್ತಿಗೆ ಇಸವಿ ಎರಡು ಸಾವಿರ ದಾಟಿತ್ತು. ಮೊದಲ ಕಟ್ಟನ್ನು ಮಠಕ್ಕೆ ಒಯ್ದಾಗ ಪಾರುಪತ್ಯದವರು ಬಿಚ್ಚಿ ನೋಡಿ, ಬೆಳಕಿಗೆ ಹಿಡಿದು, ಚೆನ್ನಾಗಿದೆ ಎಂದರು. ಇನ್ನಾಸಪ್ಪನವರದನ್ನು ನಿಲ್ಲಿಸು ಎಂದು ಹೇಳಲು ಅವರಿಗೂ ಮನಸ್ಸಿರಲಿಲ್ಲ. ನಿಲ್ಲಿಸಿ ಎಂದು ಕೇಳಲು ನನಗೆ ಮನಸ್ಸಿತ್ತು, ಬಾಯಿ ಬರಲಿಲ್ಲ. ಸ್ವಾಮಿಗಳೇ ಹಂಚಿಕೊಟ್ಟರು.

ತಿಂಗಳಿನ ಮೊದಲ ಮೂರು ಸೋಮವಾರ ಮಠಕ್ಕೆ ಎಲೆ ಇನ್ನಾಸಪ್ಪನವರ ತೋಟದಿಂದ ಹೋಗುತ್ತದೆ, ನಾಲ್ಕನೆಯದು ನಮ್ಮದು. ಐದು ಸೋಮವಾರ ಬಿದ್ದ ತಿಂಗಳಲ್ಲಿ ಐದನೆಯದೂ ಅವರದೇ.